ಕೊನೆಯ ಗಂಟು

ಎಲ್ಲ ತೊಂದರೆಯೂ ಒಂದು ವಿಳಾಸದಿಂದ ಶುರುವಾಯಿತು. ಬೆತ್ತದ ಕುರ್ಚಿ ನೇಯುವ ಯಜಮಾನರು ತಮ್ಮ ಅಂಗಡಿಯ ವಿಳಾಸವನ್ನು ವಿಡಿಯೋದ ಕೊನೆಯಲ್ಲೇ ಹಾಕಬೇಕೆಂದು ಹಟ ಹಿಡಿದಿದ್ದರು.

"ಮೊದಲೇ ಹಾಕೋಣ ಅಪ್ಪ. ಎಲ್ಲರೂ ಹಾಗೇ ಮಾಡೋದು," ಎಂದಳು ಮಗಳು.

"ಎಲ್ಲರೂ ಕುರ್ಚಿ ನೇಯ್ತಾರಾ? ನಮ್ಮಲ್ಲಿ ಕೊನೆ ಎಳೆ ಬಿಗಿದ ಮೇಲೆ, ಕುರ್ಚಿ ಮಗುಚಿ, ಅಡಿಯಲ್ಲಿ ನಮ್ಮ ಗಂಟು ಹಾಕ್ತೀವಿ. ನಮ್ಮಪ್ಪ ಹಾಗೇ ಹಾಕ್ತಿದ್ದ. ಕೆಲಸ ಮೊದಲು, ಹೆಸರು ಆಮೇಲೆ."

ಹಾಗಾಗಿ ವಿಡಿಯೋ ನಲವತ್ತು ನಿಮಿಷದ್ದಾಯಿತು. ಅದರಲ್ಲಿ ಕೊನೆಯವರೆಗೂ ಮಾತಿಲ್ಲ, ಹಾಡಿಲ್ಲ. ನೆನೆದ ಬೆತ್ತದ ಎಳೆ ಸಣ್ಣ ರಂಧ್ರದೊಳಗೆ ಸರಿದು ಹೋಗುವ ಸದ್ದು ಮಾತ್ರ. ಯಜಮಾನರಿಗೆ ಅದು ಇಷ್ಟ. ಮೂವತ್ತು ವರ್ಷ ಅವರು ಆ ಸದ್ದಿನೊಡನೆಯೇ ಹೆಚ್ಚು ಮಾತಾಡಿದ್ದರು. ಕಟ್ಟಕಡೆಗೆ ಗಂಟು ಬಿಗಿದು, ವಿಳಾಸ ಹೇಳಿ, "ಈ ಗಂಟಿರುವ ಕುರ್ಚಿ ಯಾವತ್ತು ಹರಿದರೂ ತನ್ನಿ, ಪುಕ್ಕಟೆ ನೇಯ್ದು ಕೊಡ್ತೀನಿ" ಎಂದು ಎದೆಯುಬ್ಬಿಸಿದ್ದರು.

ಅಂದೇ ಬೆಳಿಗ್ಗೆ ವಿಡಿಯೋ ಹಾಕಿದ ಅವಸರಕ್ಕೆ ಕಾರಣವಿತ್ತು. ವಾಚನಾಲಯದ ನಲವತ್ತು ಹಳೆಯ ಬೆತ್ತದ ಕುರ್ಚಿಗಳನ್ನು ಮತ್ತೆ ನೇಯಿಸುವುದೋ, ಎಸೆದು ಪ್ಲಾಸ್ಟಿಕ್ ಕುರ್ಚಿ ತರಿಸುವುದೋ ಎಂದು ಆ ಸಂಜೆ ಸಮಿತಿ ತೀರ್ಮಾನಿಸಲಿತ್ತು. "ಈಗಿನ ಜನಕ್ಕೆ ಬೆತ್ತ ಬೇಕಾ? ಬೇಕು ಅಂತ ತೋರಿಸಿ, ಕೆಲಸ ನಿಮಗೇ," ಎಂದು ಅಧ್ಯಕ್ಷರು ಸವಾಲು ಹಾಕಿದ್ದರು. ಆ ನಲವತ್ತು ಸಿಕ್ಕರೆ ವರ್ಷವಿಡೀ ಕೈತುಂಬ ಕೆಲಸ. ಸಿಗದಿದ್ದರೆ ಅಂಗಡಿಯಲ್ಲಿ ನೊಣಕ್ಕೂ ಬೇಸರ.

ಬೆಳಿಗ್ಗೆ ಹತ್ತಕ್ಕೆ ವಿಡಿಯೋವನ್ನು ನೋಡಿದವರು ಎರಡು ಸಾವಿರ. ಹನ್ನೆರಡಕ್ಕೆ ಇಪ್ಪತ್ತು ಸಾವಿರ. ಯಜಮಾನರ ಕುತ್ತಿಗೆ ತಾನಾಗಿಯೇ ಎರಡು ಅಂಗುಲ ಉದ್ದವಾಯಿತು. ಆದರೆ ಅಂಗಡಿಯ ಫೋನು ಮಾತ್ರ ಮುನಿದ ಸೊಸೆಯ ಹಾಗೆ ಬಾಯಿ ಬಿಡಲಿಲ್ಲ.

ಪಕ್ಕದ ಅಂಗಡಿಯ ಟೈಲರ್ ಓಡಿ ಬಂದ. ಅವನ ಅಂಗಿಯ ತೋಳಿಗೆ ಯಾರದೋ ಪ್ಯಾಂಟು ಹೊಲಿದುಕೊಂಡು ನೇತಾಡುತ್ತಿತ್ತು.

"ಏನಯ್ಯಾ ಇದು?"

"ನಿಮ್ಮ ವಿಡಿಯೋ ನೋಡ್ತಾ ಹೊಲೀತಿದ್ದೆ ಯಜಮಾನ್ರೇ. ಅದ್ಯಾವಾಗ ಕಣ್ಣು ಮುಚ್ಚಿತೋ ಗೊತ್ತಿಲ್ಲ. ಎದ್ದಾಗ ನಾನೂ ಗಿರಾಕಿ ಪ್ಯಾಂಟೂ ಒಂದಾಗಿದ್ವಿ!"

"ನಿನ್ನೆ ನಿದ್ದೆ ಕೆಟ್ಟಿರಬೇಕು ಬಿಡು."

ಅವನ ಬೆನ್ನಿಗೇ ಎದುರು ಸಾಲಿನ ಔಷಧಿ ಅಂಗಡಿಯವರು ಬಂದರು. ಅವರ ಕೆನ್ನೆಯ ಮೇಲೆ ಮಾತ್ರೆ ಹಾಳೆಯ ಅಚ್ಚು ಗುಳಿಗುಳಿಯಾಗಿ ಮೂಡಿತ್ತು. "ಒಂದು ಗಂಟೆ ಗಲ್ಲಾಪೆಟ್ಟಿಗೆ ಮೇಲೆ ಒರಗಿಬಿಟ್ಟೆ ಮಾರಾಯ್ರೇ! ಅದೆಷ್ಟು ಜನ ಬಂದು ಹೋದರೋ. ನೀವು ಹೀಗೆ ಪುಕ್ಕಟೆ ನಿದ್ದೆ ಹಂಚಿದ್ರೆ ನನ್ನ ನಿದ್ದೆ ಮಾತ್ರೆ ಯಾರು ಕೇಳ್ತಾರೆ?"

ಮಗಳು ಫೋನಿನಲ್ಲಿ ಜನ ಬರೆದದ್ದನ್ನು ಓದತೊಡಗಿದಳು. ಅವಳ ಮುಖ ಬಾಡುತ್ತ ಬಂತು. "'ಆರು ತಿಂಗಳಾದ ಮೇಲೆ ಇವತ್ತು ನಿದ್ದೆ ಬಂತು.' 'ಐದನೇ ನಿಮಿಷಕ್ಕೇ ಗೊರಕೆ.' 'ನಮ್ಮ ಮಗುವಿಗೆ ಇದೇ ಜೋಗುಳ.' ಅಪ್ಪ, ಒಬ್ಬರೂ ಕೊನೇವರೆಗೆ ನೋಡಿಲ್ಲ. ನಿಮ್ಮ ವಿಳಾಸ ಯಾರಿಗೂ ಗೊತ್ತಿಲ್ಲ! ಈಗಲಾದರೂ ಮುಂದಕ್ಕೆ ಹಾಕ್ತೀನಿ."

ಯಜಮಾನರು ತಮ್ಮ ಕೈಗಳನ್ನು ಒಮ್ಮೆ ನೋಡಿಕೊಂಡರು. ಈ ಕೈಗಳು ಇಪ್ಪತ್ತು ಸಾವಿರ ಜನರನ್ನು ಮಲಗಿಸಿವೆ ಎಂಬುದು ಅವರಿಗೆ ಅವಮಾನವೆನ್ನಿಸಲಿಲ್ಲ.

"ನೇಯೋಕೆ ಮುಂಚೆ ಗಂಟು ಹಾಕೋಕಾಗುತ್ತೇನಮ್ಮ? ಸಮಿತಿಯವರು ಓದಿದೋರು. ಪೂರ್ತಿ ನೋಡ್ತಾರೆ. ನಡಿ."

ವಾಚನಾಲಯದಲ್ಲಿ ಸಮಿತಿಯ ಐವರು ಹರಕು ಬೆತ್ತದ ಕುರ್ಚಿಗಳಲ್ಲೇ ಕೂತಿದ್ದರು. ಮಗಳು ಫೋನನ್ನು ಗೋಡೆಯ ಟಿವಿಗೆ ಜೋಡಿಸಿದಳು. ಮೊದಲು ಯಾವುದೋ ಜಾಹೀರಾತು ಬಂತು. ದಪ್ಪನೆಯ ಹೆಂಗಸೊಬ್ಬಳು ಕುರ್ಚಿಯ ಮೇಲೆ ಹತ್ತಿ ಕುಣಿದು ಏನೋ ಕೂಗಿದಳು. ಯಜಮಾನರು ಸಂಕೋಚದಿಂದ ನೆಲ ನೋಡಿದರು. ಅದು ಮುಗಿದು ಅವರ ಕೈಗಳು ತೆರೆಯ ಮೇಲೆ ಬಂದವು.

ಕೋಣೆ ಸ್ತಬ್ಧವಾಯಿತು. ಎಳೆ ಸರಿಯಿತು, ಬಿಗಿಯಿತು, ಮತ್ತೆ ಸರಿಯಿತು. ಖಜಾಂಚಿ ಕಣ್ಣು ಮುಚ್ಚಿದರು. 'ಸವಿಯುತ್ತಿದ್ದಾರೆ' ಎಂದುಕೊಂಡರು ಯಜಮಾನರು. ಕಾರ್ಯದರ್ಶಿ ತಲೆದೂಗಿದರು. 'ಮೆಚ್ಚಿದರು.' ಅಧ್ಯಕ್ಷರ ಮೂಗಿನಿಂದ ಮರ ಕೊಯ್ಯುವ ಸದ್ದು ಹೊರಟಾಗ ಮಾತ್ರ ಏನೂ ಅಂದುಕೊಳ್ಳಲು ತೋಚಲಿಲ್ಲ. ತೆರೆಯ ಮೇಲೆ ಗಂಟು ಬಿತ್ತು, ವಿಳಾಸ ಬಂತು, ಐದು ಗೊರಕೆಗಳ ನಡುವೆ ಹೋಯಿತು.

ಬಾಗಿಲು ಮುಚ್ಚುವ ಗಂಟೆ ಹೊಡೆದಾಗ ಅಧ್ಯಕ್ಷರು ಬೆಚ್ಚಿ ಎದ್ದರು. ಬಾಯಿ ಒರೆಸಿಕೊಂಡು ಗಂಭೀರರಾದರು.

"ಅದ್ಭುತ! ಆದರೆ ನೋಡಿ ಯಜಮಾನ್ರೇ, ಇದು ಓದೋ ಜಾಗ. ಬೆತ್ತದ ಮೇಲೆ ಕೂತರೆ ಇಷ್ಟು ಸುಖವಾಗಿ ನಿದ್ದೆ ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಹಾಗಾದ್ರೆ ಓದೋರು ಯಾರು?"

"ಆ ಹೆಂಗಸು ಕುಣಿದ್ಲಲ್ಲ, ಆ ಕುರ್ಚಿ ಗಟ್ಟಿ ಇತ್ತು," ಎಂದರು ಖಜಾಂಚಿ ಆಕಳಿಸುತ್ತ. "ಪ್ಲಾಸ್ಟಿಕ್ ಆದರೂ ಮುರೀಲಿಲ್ಲ."

ಉಳಿದ ಮೂವರಿಗೂ ನೆನಪಿದ್ದದ್ದು ಅದೊಂದೇ. ನಲವತ್ತು ಕುರ್ಚಿ ಅದನ್ನೇ ತರಿಸುವುದೆಂದು ಒಮ್ಮತದ ತೀರ್ಮಾನವಾಯಿತು.

ಅಂಗಡಿಗೆ ಮರಳಿದಾಗ ಬಾಗಿಲಲ್ಲಿ ಒಬ್ಬರು ಕಾದಿದ್ದರು. ರಸ್ತೆಯಾಚೆಯ ಪ್ಲಾಸ್ಟಿಕ್ ಕುರ್ಚಿ ಅಂಗಡಿಯವರು. ಬಗಲಲ್ಲಿ ಹರಿದ ಬೆತ್ತದ ಕುರ್ಚಿ.

"ಯಜಮಾನ್ರೇ, ನಿಮ್ಮ ವಿಡಿಯೋ ಕೊನೇವರೆಗೆ ನೋಡಿದೆ!"

ಯಜಮಾನರ ಕಣ್ಣು ಅರಳಿತು. "ನಿಮಗೆ ನಿದ್ದೆ ಬರಲಿಲ್ವಾ?"

"ಎಲ್ಲಿಂದ ಬರಬೇಕು? ನಾನು ಕೂತಿರೋದು ಪ್ಲಾಸ್ಟಿಕ್ ಮೇಲೆ! ನಮ್ಮೂರಲ್ಲಿ ಯಾರು ಕುರ್ಚಿ ಅಂತ ಏನು ನೋಡಿದ್ರೂ ಮೊದಲು ನನ್ನ ಜಾಹೀರಾತು ಬರೋ ಹಾಗೆ ಮಾಡಿಸಿದೀನಿ. ಸರಿಯಾಗಿ ಬರುತ್ತಾ ಅಂತ ನೋಡ್ತಿದ್ದೆ. ಈಗಷ್ಟೇ ವಾಚನಾಲಯದಿಂದ ನಲವತ್ತು ಬೇಕು ಅಂದ್ರು. ನಿಮ್ಮ ಉಪಕಾರ!" ಅವರು ಕುರ್ಚಿ ಮಗುಚಿದರು. "ಇದು ನಮ್ಮಪ್ಪನದು. ಬೆನ್ನು ನೋವಿಗೆ ಇದೇ ಆಗಬೇಕು. ಈ ಗಂಟಿದ್ರೆ ಪುಕ್ಕಟೆ ಅಂದ್ರಲ್ಲ?"

ಯಜಮಾನರು ಬಗ್ಗಿ ನೋಡಿದರು. ಗಂಟು ತಾವು ಹಾಕಿದ್ದಲ್ಲ, ತಮ್ಮ ಅಪ್ಪ ಹಾಕಿದ್ದು. ಐವತ್ತು ವರ್ಷದಲ್ಲಿ ಎಳೆಗಳೆಲ್ಲ ಹರಿದಿದ್ದವು. ಗಂಟು ಮಾತ್ರ ಹಾಕಿದ ದಿನದಂತೆಯೇ ಇತ್ತು. ಅವರು ನೀರಿಗೆ ಬೆತ್ತ ಹಾಕಿದರು.

"ಇದರದ್ದೂ ವಿಡಿಯೋ ತೆಗೀಲಾ ಅಪ್ಪ?" ಮಗಳು ಮೆಲ್ಲಗೆ ಕೇಳಿದಳು.

"ತೆಗಿ. ಹಳೇ ಕುರ್ಚಿ ಬಿಚ್ಚೋಕೆ ಶುರು ಮಾಡೋದೇ ಗಂಟಿನಿಂದ. ಈ ಸಲ ಹೆಸರೂ ವಿಳಾಸವೂ ಮೊದಲೇ ಬರಲಿ."

"ಬರಲಿ ಬರಲಿ," ಎಂದರು ಪ್ಲಾಸ್ಟಿಕ್ಕಿನವರು ಉದಾರವಾಗಿ. "ಹೇಗಿದ್ರೂ ಅದಕ್ಕೂ ಮುಂಚೆ ನಮ್ಮ ಮನೆಯವಳು ಕುಣೀತಾಳಲ್ಲ!"

ಯಜಮಾನರು ತಲೆಯೆತ್ತಲಿಲ್ಲ. ಅಪ್ಪನ ಗಂಟಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. ಅದು ಜಗ್ಗಲಿಲ್ಲ. ಬಿಚ್ಚಲು ಅವರಿಗೂ ಬಹಳ ಹೊತ್ತು ಹಿಡಿಯಿತು.