ಮೂರನೇ ಮಗ್ಗದ ಸದ್ದು

ಸದ್ದು ಬೆಳಿಗ್ಗೆ ಆರೂವರೆಗೆ ಸರಿಯಾಗಿ ಶುರುವಾಯಿತು. ಟಕಟಕ ಟಕಟಕ ಟಕಟಕ. ಗೋಪಾಲಪ್ಪ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ಗೋಡೆಗೆ ಕಿವಿಯಿಟ್ಟ. ಒಂದು ಎದ್ದಿತು. ಎರಡನೆಯದು ಎದ್ದಿತು. ಮೂರು. ನಾಲ್ಕು. ಪಕ್ಕದ ಮನೆಯ ಮಂಜೇಶನ ನಾಲ್ಕೂ ವಿದ್ಯುತ್ ಮಗ್ಗಗಳು ಮದುವೆಮನೆಗೆ ಬಂದ ಮಕ್ಕಳ ಹಾಗೆ ಕುಣಿಯತೊಡಗಿದವು.

ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿಗೆ ಎಚ್ಚರವಾಗುವುದು ಯಾರಿಗೂ ಹೊಸದಲ್ಲ. ಆ ಬೀದಿಯಲ್ಲಿ ಹದಿನೇಳು ಮನೆ, ಹದಿನೇಳರಲ್ಲೂ ಮಗ್ಗ. ಹದಿನೆಂಟನೆಯದು ಗಣೇಶನ ಗುಡಿ, ಅಲ್ಲೂ ಕರೆಂಟಿನ ನಗಾರಿ. ಅಂಥ ಬೀದಿಯಲ್ಲಿ ಹುಟ್ಟಿ, ಮೂವತ್ತು ವರ್ಷ ಸೀರೆ ನೇಯ್ದ ಗೋಪಾಲಪ್ಪನಿಗೆ ಸದ್ದಿನಿಂದ ತೊಂದರೆ ಎಂದರೆ ಮೀನಿಗೆ ಶೀತ ಆಯಿತು ಎಂದ ಹಾಗೆ. ಅವನಿಗೆ ತೊಂದರೆಯಾಗುತ್ತಿದ್ದುದು ಸದ್ದಿನಿಂದಲ್ಲ, ಸದ್ದು ಬರುತ್ತಿದ್ದ ದಿಕ್ಕಿನಿಂದ.

ಈ ಮಂಜೇಶ ಎರಡು ವರ್ಷದ ಹಿಂದಿನವರೆಗೂ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಿದ್ದವನು. ಟ್ಯಾಕ್ಸಿ ಮಾರಿ ಮಗ್ಗ ಕೊಂಡ. ನೆರೆಮನೆಗೆ ನೆರೆ ಬಂದ ಹಾಗೆ ಬಂದು, ಗೋಪಾಲಪ್ಪನ ವ್ಯಾಪಾರವನ್ನೆಲ್ಲ ಕೊಚ್ಚಿಕೊಂಡು ಹೋದ. ಬೆಂಗಳೂರಿನ ಸೀರೆ ವ್ಯಾಪಾರಿ ಚಿನ್ನಸ್ವಾಮಿ ಹದಿನೈದು ವರ್ಷದಿಂದ ಮದುವೆ ಸೀಸನ್ನಿನ ಆರ್ಡರನ್ನು, ನೂಲಿನ ಸಮೇತ, ಗೋಪಾಲಪ್ಪನಿಗೇ ಕೊಡುತ್ತಿದ್ದವರು. ಈ ಸಲ ಅವರ ಬಿಳಿ ವ್ಯಾನು ಗೋಪಾಲಪ್ಪನ ಬಾಗಿಲು ದಾಟಿ, ಹತ್ತು ಹೆಜ್ಜೆ ಮುಂದೆ ಹೋಗಿ ನಿಂತಿತ್ತು. ಆ ಹತ್ತು ಹೆಜ್ಜೆ ಗೋಪಾಲಪ್ಪನ ಎದೆಯ ಮೇಲೇ ಬಿದ್ದಿದ್ದವು. ಅವನ ಎರಡು ಮಗ್ಗಗಳು ನೂಲಿಲ್ಲದೆ ಸುಮ್ಮನಾಗಿ ಇಂದಿಗೆ ಹತ್ತು ದಿನ. ಒಂದರ ಮೇಲೆ ಹೆಂಡತಿ ಸಂಡಿಗೆ ಒಣಹಾಕಿದ್ದಳು.

ಅಲ್ಲಿ ಮಂಜೇಶನ ಮಗ್ಗ ಓಡಿದರೆ ಇಲ್ಲಿ ಗೋಪಾಲಪ್ಪನ ತಲೆಯಲ್ಲಿ ಮಗ್ಗಿ ಓಡುತ್ತಿತ್ತು. ದಿನಕ್ಕೆ ಮಗ್ಗಕ್ಕೆರಡು ಸೀರೆ, ನಾಲ್ಕೆರಡ್ಲ ಎಂಟು, ವಾರಕ್ಕೆ ಎಂಟೇಳ್ಲ ಐವತ್ತಾರು. ಐವತ್ತಾರಕ್ಕೆ ಬರುವ ಹೊತ್ತಿಗೆ ಅವನಿಗೆ ಎದೆಯುರಿ ಶುರುವಾಗುತ್ತಿತ್ತು.

ಹೆಂಡತಿ ಗಂಗಲಕ್ಷ್ಮಮ್ಮ ಅಡುಗೆಮನೆಯಿಂದ ಇಣುಕಿದಳು. "ಸಿಲಿಂಡರ್ ಬರೋದು ಇನ್ನೂ ನಾಕ್ ದಿನ ಆಯ್ತದಂತೆ. ನೀವು ಇಂಗೇ ಗೋಡೆಗೆ ಕಿವಿ ಕೊಟ್ಕೊಂಡು ನಿಂತಿರಿ. ನಿಮ್ಮ ಹೊಟ್ಟೆ ಮೇಲೇ ಅನ್ನಕ್ಕಿಡ್ತೀನಿ, ಎರಡೇ ನಿಮಿಷಕ್ಕೆ ಬೇಯ್ತದೆ."

ಗೋಪಾಲಪ್ಪ ಬಾಯಿ ಮುಕ್ಕಳಿಸುವ ನೆಪದಲ್ಲಿ ಬೀದಿಗೆ ಬಂದ. ಆಗಲೇ ಆಟೋ ಒಂದು ಮೈಕು ಕಟ್ಟಿಕೊಂಡು ತೆವಳುತ್ತಾ ಬಂದಿತು. ಒಳಗಿದ್ದವನು ಮೂಗಿನಲ್ಲೇ ಇಡೀ ಊರನ್ನು ಕರೆಯುತ್ತಿದ್ದ. ಇಂದು ನಗರಸಭೆಯಲ್ಲಿ ಜನಸ್ಪಂದನವಂತೆ, ಸಾರ್ವಜನಿಕರು ಅಹವಾಲು ಕೊಡಬಹುದಂತೆ, ಸಾಧ್ಯವಾದ ಮಟ್ಟಿಗೆ ಸಂಜೆಯೊಳಗೇ ಪರಿಹಾರವಂತೆ. ಗೋಪಾಲಪ್ಪ ಬಾಯಲ್ಲಿದ್ದ ನೀರನ್ನು ಹಾಗೇ ನುಂಗಿಬಿಟ್ಟ.

ಅರ್ಜಿ ಬರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಂಜೇಶನ ಮಗ್ಗಗಳಿಂದ ನಿದ್ರಾಭಂಗ, ಶಾಂತಿಭಂಗ, ಮಾನಸಿಕ ನೆಮ್ಮದಿಭಂಗ ಎಂದು ನೆನಪಿಗೆ ಬಂದ ಭಂಗಗಳನ್ನೆಲ್ಲ ತುಂಬಿಸಿದ. ಕಷ್ಟವಾದದ್ದು ಸಾಕ್ಷಿ ಸಹಿಗೆ. ಎದುರುಮನೆಯ ಸಪ್ಪಲಮ್ಮ ಜಗಲಿಯ ಮೇಲೆ ಕೂತು ಲಾಳಿಗೆ ಹಾಕುವ ಕದಿರುಗಳಿಗೆ ನೂಲು ಸುತ್ತುತ್ತಿದ್ದಳು. ಗೋಪಾಲಪ್ಪ ಹುಟ್ಟಿದ ದಿನ ಬಿಸಿನೀರು ಕಾಯಿಸಿಕೊಟ್ಟವಳು ತಾನೇ ಎಂದು ಇವತ್ತಿಗೂ ಎಲ್ಲರೆದುರು ಹೇಳುವ ಮುದುಕಿ. ಅರ್ಜಿಯನ್ನು ಓದಿಸಿಕೊಂಡು ಕೇಳಿದಳು.

"ಮಗ್ಗದ ಸದ್ದು ಜಾಸ್ತಿ ಅಂತ ಬರ್ದಿದೀಯೇನ್ಲಾ?"

"ಊಂ ಅಜ್ಜಿ. ಮಂಜೇಶಂದು."

"ನಂದು ಎರಡ್ ಅವೆ. ಅವೇನು ಜೋಗುಳ ಹಾಡ್ತಾವಾ?"

"ನಿಂದು ಬೇರೆ ಅಜ್ಜಿ."

"ಏನ್ ಬೇರೆ? ನನ್ನ ಮಗ್ಗಕ್ಕೆ ಆರ್ಡರಿಲ್ಲ, ಅಷ್ಟೇ ತಾನೇ?" ಸಪ್ಪಲಮ್ಮ ಕದಿರನ್ನು ಬುಟ್ಟಿಗೆ ಎಸೆದಳು. "ಓಗ್ಲಾ, ನನ್ ಹೆಬ್ಬೆಟ್ಟಿಗೆ ಇಂಕು ಅಂಟಲ್ಲ."

ಉಳಿದವರೂ ಅಷ್ಟೇ. ಒಬ್ಬ ಕನ್ನಡಕ ಸಿಗುತ್ತಿಲ್ಲವೆಂದ, ಕನ್ನಡಕ ಹಣೆಯ ಮೇಲೇ ಇತ್ತು. ಇನ್ನೊಬ್ಬ ಕೈ ಉಳುಕಿದೆ ಎಂದು ಹೇಳಿ ಅದೇ ಕೈಯಲ್ಲಿ ಟಾಟಾ ಮಾಡಿದ. ಗೋಪಾಲಪ್ಪ ತನ್ನ ಒಂದೇ ಸಹಿಯ ಅರ್ಜಿ ಹಿಡಿದು ನಗರಸಭೆಗೆ ಹೊರಟ. ಅವನು ಬೀದಿಯ ತಿರುವು ದಾಟುವ ಮೊದಲೇ ಸುದ್ದಿ ಮಂಜೇಶನ ಮನೆಗೆ ತಲುಪಿ, ಅಲ್ಲಿ ಕಾಫಿ ಕುಡಿಯುತ್ತಾ ಕೂತಿತ್ತು.

ನಗರಸಭೆಯ ಅಂಗಳದಲ್ಲಿ ಶಾಮಿಯಾನ ಹಾಕಿ, ಒಂದೊಂದು ವಿಭಾಗಕ್ಕೊಂದು ಮೇಜು ಇಟ್ಟಿದ್ದರು. ಸದ್ದುಗದ್ದಲದ ದೂರು ಆರೋಗ್ಯ ನಿರೀಕ್ಷಕಿ ಪ್ರಮೋದಾ ಅವರ ಮೇಜಿಗೆ. ಚುರುಕಾದ ಹೆಂಗಸು. ಅರ್ಜಿಯನ್ನು ಎರಡು ಸಲ ಓದಿ, ಏನು ಪರಿಹಾರ ಬೇಕು ಎಂದು ಕೇಳಿದರು. ಮದುವೆ ಸೀಸನ್ ಮುಗಿಯುವವರೆಗೆ ಆ ಮಗ್ಗಗಳನ್ನು ನಿಲ್ಲಿಸಬೇಕು ಎಂದ ಗೋಪಾಲಪ್ಪ. ಆಮೇಲೆ ಎಂದು ಕೇಳಿದ್ದಕ್ಕೆ, ಆಮೇಲೆ ಎಷ್ಟಾದರೂ ಓಡಿಸಿಕೊಳ್ಳಲಿ, ತಾನು ಅಷ್ಟು ಕೆಟ್ಟವನಲ್ಲ ಎಂದ.

ಪ್ರಮೋದಾ ಪೆನ್ನು ಕೆಳಗಿಟ್ಟರು. "ಯಜಮಾನ್ರೇ, ನಿಮ್ಮ ಬೀದೀಲಿ ಎಲ್ಲರ ಮನೇಲೂ ಮಗ್ಗ ಇದೆ. ಅಷ್ಟು ಸದ್ದಲ್ಲಿ ನಿಮಗೆ ತೊಂದರೆ ಕೊಡ್ತಿರೋದು ಮಂಜೇಶಂದೇ ಅಂತ ಹೇಗೆ ಹೇಳ್ತೀರ? ಹಿಂಗೆ ಮೊಗಮ್ಮಾಗಿ ಬರೆದರೆ ನಾನು ಏನೂ ಮಾಡಕ್ಕಾಗಲ್ಲ. ಯಾವ ಶಬ್ದ ಅಂತ ಸರಿಯಾದ ಶಬ್ದಗಳಲ್ಲಿ ಬರೆದುಕೊಡಿ."

ಮೂವತ್ತು ವರ್ಷದ ನೇಕಾರನ ಕಿವಿಯ ಮೇಲೆ ಸಂಶಯ. ಗೋಪಾಲಪ್ಪನಿಗೆ ಮೂಗಿನ ತುದಿ ಕೆಂಪಾಯಿತು. ಬರೆಯುವುದೇನು ಬಂತು, ಕೇಳಿಸುತ್ತೇನೆ ಎಂದವನೇ ಅಲ್ಲೇ ಶುರುಮಾಡಿದ. ಮೊದಲನೆಯ ಮಗ್ಗ ಬೇಸಿಗೆಯಲ್ಲಿ ನಾಯಿ ತೇಕಿದ ಹಾಗೆ, ಹಕ್‌ಟಕ ಹಕ್‌ಟಕ. ಎರಡನೆಯದು ಸಾಲ ಕೇಳಲು ಬಂದವನು ಬಾಗಿಲು ಬಡಿದ ಹಾಗೆ, ಮೆತ್ತಗೆ, ಟಪ ಟಪ. ನಾಲ್ಕನೆಯದು ಹೊಸ ಸೊಸೆ ಪಾತ್ರೆ ತೊಳೆದ ಹಾಗೆ, ಝಣಕ್ ಝಣಕ್. ಅವನ ಕೆನ್ನೆ ಉಬ್ಬಿದವು, ಭುಜ ಕುಣಿದವು, ಎಡಗಾಲು ತಾಳ ಹಾಕಿತು. ನೀರಿನ ಕಂದಾಯದ ಸಾಲಿನಲ್ಲಿದ್ದವರು ಸಾಲು ಬಿಟ್ಟು ಬಂದರು. ಬೀದಿದೀಪದ ಮೇಜಿನವರು ಕುರ್ಚಿ ತಿರುಗಿಸಿಕೊಂಡರು.

"ಮೂರನೇದು ಬಿಟ್ರಲ್ಲ?" ಎಂದು ಯಾರೋ ಕೇಳಿದರು.

"ಅದಕ್ಕೇ ಬರ್ತಾ ಇದೀನಿ. ಅದೇ ನನ್ನ ತಲೆ ತಿನ್ನೋದು." ಗೋಪಾಲಪ್ಪ ಉಸಿರು ತುಂಬಿಕೊಂಡ. ಟಕಟಕ ಟಕಟಕ ಟಕಟಕ ಎಂದು ಬೆರಳು ಮಡಿಸುತ್ತಾ ಹೋಗಿ, ನಲವತ್ತನೇ ಏಟಿಗೆ ನಾಲಗೆಯನ್ನು ಮಡಚಿ ಒಂದು ಸಣ್ಣ 'ಳಕ್' ಅಂದ. ಮತ್ತೆ ನಲವತ್ತು, ಮತ್ತೊಂದು ಳಕ್. ಮೆಟ್ಟಿಲು ತಪ್ಪಿದವನ ಹಾಗೆ.

ಜನ ಚಪ್ಪಾಳೆ ತಟ್ಟಿದರು. ಪ್ರಮೋದಾ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಅರ್ಜಿಯ ಕೆಳಗೆ 'ಅರ್ಜಿದಾರರು ಸದ್ದನ್ನು ಖುದ್ದಾಗಿ ಹಾಜರುಪಡಿಸಿದ್ದಾರೆ' ಎಂದು ಬರೆದರು. ಮಧ್ಯಾಹ್ನ ಸ್ಥಳ ಪರಿಶೀಲನೆಗೆ ಬರುವುದಾಗಿ ಹೇಳಿದರು.

ಮೂರು ಗಂಟೆಗೆ ಪ್ರಮೋದಾ ಅವರ ಸ್ಕೂಟರು ಬೀದಿಗೆ ಬಂದಾಗ, ಬೀದಿಯವರೆಲ್ಲ ಆಗಲೇ ಒಳ್ಳೆಯ ಜಾಗ ಹಿಡಿದು ಕೂತಿದ್ದರು. ಸಪ್ಪಲಮ್ಮ ಜಗಲಿಗೆ ಚಾಪೆ ಹಾಕಿಸಿದ್ದಳು. ಮಂಜೇಶ ಬಾಗಿಲಲ್ಲೇ ಕೈಮುಗಿದು ನಿಂತಿದ್ದ. ಕೂಗಾಡುತ್ತಾನೆ ಎಂದು ಗೋಪಾಲಪ್ಪ ಅಂದುಕೊಂಡಿದ್ದರೆ, ಅವನು ಮೆಲ್ಲಗೆ, "ತೊಂದರೆ ಆಯ್ತಿತ್ತು ಅಂದ್ರೆ ನನಗೇ ಒಂದ್ ಮಾತು ಹೇಳ್ಬಾರ್ದಿತ್ತಾ ಅಣ್ಣ?" ಅಂದ. ಆ ಸೌಜನ್ಯವನ್ನು ನೋಡಿ ಗೋಪಾಲಪ್ಪನ ಹೊಟ್ಟೆ ಇನ್ನಷ್ಟು ಉರಿಯಿತು. ಆರ್ಡರೂ ಇವನಿಗೆ, ಒಳ್ಳೆತನವೂ ಇವನಿಗೇ.

ಪ್ರಮೋದಾ ಪರೀಕ್ಷೆಯ ಕ್ರಮವನ್ನು ಹೇಳಿದರು. ಗೋಪಾಲಪ್ಪ ಬೀದಿಯಲ್ಲಿ ಬೆನ್ನು ತಿರುಗಿಸಿ ನಿಲ್ಲಬೇಕು. ಒಳಗೆ ಒಂದೊಂದೇ ಮಗ್ಗವನ್ನು ಮನಸ್ಸಿಗೆ ಬಂದ ಹಾಗೆ ಓಡಿಸುತ್ತಾರೆ. ಯಾವುದೆಂದು ಹೇಳಬೇಕು. ಬೀದಿಯ ಉಳಿದ ಮಗ್ಗಗಳು ಹೇಗೂ ನಿಂತಿದ್ದವು, ನಡೆಸುವವರೆಲ್ಲ ಇಲ್ಲೇ ಇದ್ದರಲ್ಲ.

ಹಕ್‌ಟಕ ಹಕ್‌ಟಕ. "ಒಂದನೇದು" ಎಂದ ಗೋಪಾಲಪ್ಪ. ಸರಿ. ಝಣಕ್ ಝಣಕ್. "ನಾಕು." ಸರಿ. ಟಪ ಟಪ. "ಎರಡು. ಬಲಗಡೆ ಕಾಲಿನ ಕೆಳಗೆ ರಟ್ಟು ಇಟ್ಟಿದಾನೆ, ನೆಲ ಸಮ ಇಲ್ಲ." ಪ್ರಮೋದಾ ಬಗ್ಗಿ ನೋಡಿದರು. ರಟ್ಟು ಇತ್ತು. ಬೀದಿಯಲ್ಲಿ ಒಂದು ಗುಜುಗುಜು ಎದ್ದಿತು. ಬೆಳಿಗ್ಗೆ ಕೈ ಉಳುಕಿದೆ ಎಂದವನು ಎರಡೂ ಕೈ ಸೇರಿಸಿ ಚಪ್ಪಾಳೆ ತಟ್ಟಿದ. ಹತ್ತು ದಿನದಿಂದ ಬಾಡಿಹೋಗಿದ್ದ ಗೋಪಾಲಪ್ಪ ಹೊಗಳಿಕೆಯ ನೀರು ಬಿದ್ದದ್ದೇ ಚಿಗುರಿಬಿಟ್ಟ. ಮೂರನೇ ಮಗ್ಗ ಓಡಿದ್ದೇ ತಡ, ಬೆನ್ನು ತಿರುಗಿಸಿ ನಿಲ್ಲಬೇಕೆಂಬುದನ್ನೂ ಮರೆತು ಒಳಗೇ ನುಗ್ಗಿದ.

"ಕೇಳಿ ಮೇಡಂ, ಕೇಳಿ. ಮೂವತ್ತೆಂಟು, ಮೂವತ್ತೊಂಬತ್ತು, ಳಕ್. ಕೇಳಿಸ್ತಾ? ಬಟ್ಟೆ ಎಳ್ಕೊಳ್ಳೋ ಚಕ್ರದಲ್ಲಿ ಒಂದು ಹಲ್ಲು ಸವ್ದೋಗದೆ. ಇಲ್ಲಿ, ಈ ಎಡಗಡೇದು. ಆ ಹಲ್ಲು ಬಂದಾಗೆಲ್ಲ ಮಗ್ಗ ಒಂದು ಕೂದಲೆಳೆಯಷ್ಟು ಜಾರ್ತದೆ. ಇಷ್ಟೂ ಗೊತ್ತಾಗ್ದಿರೋರೆಲ್ಲ ಮಗ್ಗ ಇಟ್ಕೊಂಡವ್ರೆ."

ಮಂಜೇಶ ಸ್ವಿಚ್ಚು ಆರಿಸಿದ. ಗೋಪಾಲಪ್ಪನ ಮುಖವನ್ನೊಮ್ಮೆ, ಚಕ್ರವನ್ನೊಮ್ಮೆ ನೋಡಿದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಸರಿಯಾಗಿ ಹೆದರಿದ ಎಂದು ಗೋಪಾಲಪ್ಪನಿಗೆ ಪರಮಾನಂದವಾಯಿತು. ಮಂಜೇಶ ಬೈಕು ಹತ್ತಿ ಹೋದ, ಕಾಲು ಗಂಟೆಯಲ್ಲಿ ಹೊಸ ಚಕ್ರ ತಂದ, ಅಂಗಿ ತೋಳು ಮಡಚಿ ಹಾಕಿ ಕೂರಿಸಿದ. ಮಗ್ಗ ಮತ್ತೆ ಓಡಿತು. ನಲವತ್ತಾಯಿತು, ಎಂಬತ್ತಾಯಿತು, ನೂರಾಯಿತು. ಳಕ್ ಇಲ್ಲ.

ಪ್ರಮೋದಾ ಕಡತ ಬಿಚ್ಚಿದರು. ನಿಮ್ಮ ತಲೆ ತಿನ್ನುತ್ತಿದ್ದ ಸದ್ದು ಮೂರನೆಯ ಮಗ್ಗದ್ದೇ ತಾನೇ ಎಂದು ಕೇಳಿದರು. ಹೌದು. ಈಗ ಆ ಸದ್ದು ಇದೆಯೇ? ಗೋಪಾಲಪ್ಪ ಬೀದಿಯ ಕಡೆ ನೋಡಿದ. ಹದಿನೇಳು ಮನೆಯ ಕಿವಿಗಳು ಅವನ ಬಾಯಿಯನ್ನೇ ನೋಡುತ್ತಿದ್ದವು. ಅಷ್ಟು ಹೊತ್ತು ಗಳಿಸಿದ ಕೀರ್ತಿಯನ್ನು ಒಂದು ಸುಳ್ಳಿಗೆ ಕಳೆದುಕೊಳ್ಳುವುದು ಹೇಗೆ? ಇಲ್ಲ ಎಂದ. 'ಅರ್ಜಿದಾರರ ಸಮಕ್ಷಮ ಪರಿಹರಿಸಲಾಗಿದೆ' ಎಂಬ ಸಾಲಿನ ಕೆಳಗೆ ಸಹಿ ಹಾಕಿಸಿಕೊಂಡು ಸ್ಕೂಟರು ಹೊರಟುಹೋಯಿತು. ನಾಲ್ಕು ಮಗ್ಗಗಳೂ ಎಂದಿನಂತೆ ಓಡತೊಡಗಿದವು.

ಹೊಗಳಿಕೆಯಿಂದ ಹೊಟ್ಟೆ ತಣ್ಣಗಾದದ್ದು ಒಂದೇ ಗಂಟೆ. ಆರ್ಡರು ಇನ್ನೂ ಅಲ್ಲೇ ಇದೆ ಎಂಬುದು ನೆನಪಾಗಿ ಗೋಪಾಲಪ್ಪ ಪೆಚ್ಚಾಗಿ ಹೊಸಲಿನ ಮೇಲೆ ಕೂತಿದ್ದ. ಆರು ಗಂಟೆಯ ಹೊತ್ತಿಗೆ ಬಿಳಿ ವ್ಯಾನು ಬಂತು. ಅವನು ಮುಖ ತಿರುಗಿಸಿದ. ವ್ಯಾನು ಹತ್ತು ಹೆಜ್ಜೆ ಮುಂದೆ ಹೋಗಲಿಲ್ಲ, ಅವನ ಬಾಗಿಲಿಗೇ ನಿಂತಿತು.

ಚಿನ್ನಸ್ವಾಮಿ ಇಳಿದವರೇ ಗೋಪಾಲಪ್ಪನ ಕೈ ಹಿಡಿದುಕೊಂಡರು. ತಪ್ಪಾಯಿತು, ಹಳಬರನ್ನು ಬಿಟ್ಟು ಹೊಸಬರ ಹಿಂದೆ ಹೋಗಬಾರದಿತ್ತು ಎಂದರು. ಗಂಗಲಕ್ಷ್ಮಮ್ಮ ಓಡಿಹೋಗಿ ಮಗ್ಗದ ಮೇಲಿನ ಸಂಡಿಗೆ ತೆಗೆದಳು. ನೂಲಿನ ಮೂಟೆಗಳು ಒಂದೊಂದಾಗಿ ಒಳಗೆ ಇಳಿದವು.  ಏನಾಯಿತು ಸ್ವಾಮಿ ಎಂದು ಗೋಪಾಲಪ್ಪ ಕೇಳಿದ.

ಚಿನ್ನಸ್ವಾಮಿ ಕಾಫಿ ಲೋಟವನ್ನು ಕೆಳಗಿಟ್ಟರು. "ಮಂಜೇಶನ ಸೀರೇಲಿ ಅಡ್ಡಗೆರೆ ಬೀಳ್ತಿದೆ ಗೋಪಾಲಪ್ಪ. ಕೂದಲಷ್ಟು ಸಣ್ಣ ಗೆರೆ. ಮಗ್ಗದ ಮೇಲೆ ಕಾಣಲ್ಲ, ಅಂಗಡೀಲಿ ಟ್ಯೂಬ್‌ಲೈಟ್ ಕೆಳಗೆ ಬಿಚ್ಚಿದರೆ ಸಾಲಾಗಿ ಕಾಣ್ತದೆ. ನಾಕಕ್ಕೊಂದು ಸೀರೆ ಹಂಗೆ. ಮೂರು ಜನ ಮೆಕ್ಯಾನಿಕ್ ಬಂದು ನೋಡಿದರೂ ಯಾವ ಮಗ್ಗ ಅಂತ ಗೊತ್ತಾಗಲಿಲ್ಲವಂತೆ. ಇವತ್ತು ಸಂಜೆವರೆಗೂ ಟೈಮ್ ಕೊಟ್ಟಿದ್ದೆ, ಸರಿಯಾಯ್ತು ಅಂತ ಸುದ್ದೀನೇ ಇಲ್ಲ."

ಗೋಪಾಲಪ್ಪನಿಗೆ ಆ ಸವೆದ ಹಲ್ಲು ನೆನಪಾಯಿತು.

"ಸ್ವಾಮಿ, ಒಂದ್ನಿಮಿಷ." ಬಾಗಿಲಲ್ಲಿ ಮಂಜೇಶ. ಕೈಯಲ್ಲಿ ಆಗ ತಾನೇ ಮಗ್ಗದಿಂದ ಕತ್ತರಿಸಿದ ಒಂದು ಮಾರು ಬಟ್ಟೆ. ಗೋಪಾಲಪ್ಪನ ಮನೆಯ ಟ್ಯೂಬ್‌ಲೈಟಿನ ಕೆಳಗೇ ಅದನ್ನು ಹರಡಿ ಹಿಡಿದ. ಅರ್ಧ ಬಟ್ಟೆಯಲ್ಲಿ ಕೂದಲಿನಂಥ ಗೆರೆಗಳು, ಇನ್ನರ್ಧ ಹಾಲಿನ ಕೆನೆಯಂತೆ ನಯ. ಚಿನ್ನಸ್ವಾಮಿ ಕನ್ನಡಕ ಹಾಕಿ ನೋಡಿದರು, ಕನ್ನಡಕ ತೆಗೆದು ನೋಡಿದರು, ಉಗುರಿನಿಂದ ಗೀರಿ ನೋಡಿದರು.

"ಯಾರಪ್ಪಾ ಕಂಡುಹಿಡಿದೋರು?"

"ನಮ್ಮ ಗೋಪಾಲಣ್ಣಾನೇ ಸ್ವಾಮಿ." ಮಂಜೇಶನ ಕಣ್ಣಲ್ಲಿ ನೀರಿತ್ತು. "ಬಾಯಿಬಿಟ್ಟು ಕೇಳಕ್ಕೆ ನಂಗೆ ನಾಚಿಕೆ ಆಗಿತ್ತು. ಅವರೇ ಬಂದು, ನಗರಸಭೆಯೋರನ್ನೂ ಕರ್ಕೊಂಬಂದು, ತೋರಿಸ್ಕೊಟ್ರು."

ಚಿನ್ನಸ್ವಾಮಿ ಗೋಪಾಲಪ್ಪನನ್ನು ಅಪ್ಪಿಕೊಂಡರು. ಇಂಥ ದೊಡ್ಡ ಮನಸ್ಸನ್ನು ಎಲ್ಲೂ ಕಂಡಿಲ್ಲವೆಂದರು. ಮಾತು ಕೊಟ್ಟಿದ್ದೇನೆ, ಸಂಜೆಯೊಳಗೆ ಸರಿಯಾದರೆ ಆರ್ಡರು ಅವನಿಗೇ ಎಂದು, ನೀವು ತಪ್ಪು ತಿಳಿಯುವವರಲ್ಲ ಎಂದರು. ಡ್ರೈವರ್ ಟೀ ಕುಡಿಯಲು ಹೋಗಿದ್ದರಿಂದ ಮೂಟೆಗಳನ್ನು ಪಕ್ಕದ ಮನೆಗೆ ಸಾಗಿಸಲು ಆಳು ಸಾಲಲಿಲ್ಲ. ಒಂದು ತುದಿಯನ್ನು ಮಂಜೇಶ ಹಿಡಿದ. ಇನ್ನೊಂದು ತುದಿಯನ್ನು, ಎಲ್ಲರೂ ನೋಡುತ್ತಿದ್ದರಲ್ಲ, ಗೋಪಾಲಪ್ಪನೇ ಹಿಡಿಯಬೇಕಾಯಿತು.

ಕೊನೆಯ ಮೂಟೆ ಇಳಿಸಿ ಸೊಂಟ ನೆಟ್ಟಗೆ ಮಾಡಿಕೊಂಡು ಅವನು ಮಂಜೇಶನ ನಾಲ್ಕು ಮಗ್ಗಗಳ ನಡುವೆ ನಿಂತ. ಎಲ್ಲಾದರೂ ಇನ್ನೊಂದು ಹಲ್ಲು ಸವೆದಿರಬಹುದು, ಒಂದು ಮೊಳೆಯಾದರೂ ಸಡಿಲವಾಗಿರಬಹುದು ಎಂಬ ಆಸೆಯಿಂದ ಕಣ್ಣು ಮುಚ್ಚಿ, ಉಸಿರು ಹಿಡಿದು, ಮೂವತ್ತು ವರ್ಷದ ಕಿವಿಯನ್ನೆಲ್ಲ ಕೊಟ್ಟು ಕೇಳಿದ.

ನಾಲ್ಕೂ ಮಗ್ಗಗಳು ಒಂದಿಷ್ಟೂ ಎಡವದೆ ಓಡುತ್ತಿದ್ದವು.