ಬೀರುವಿನೊಳಗಿನ ಆಕಾಶ

ಹೆದರುವುದಕ್ಕೂ ಒಂದು ಯೋಗ್ಯತೆ ಬೇಕು ಎಂದು ನನಗೆ ಗೊತ್ತಾದದ್ದು ಎಂ.ಎಸ್ಸಿ. ಆದ ಮೇಲೆ. ನಮ್ಮ ವಂಶದಲ್ಲಿ ಮೊದಲು ಪದವಿ ಪಡೆದವನು ನಾನು. ಬಿನ್ನಿಪೇಟೆಯ ಕಡೆ ಗಿರಣಿಯಲ್ಲಿ ಮಗ್ಗದ ಮುಂದೆ ನಿಲ್ಲುತ್ತಿದ್ದ ಅಪ್ಪ ಹೆದರುತ್ತಿದ್ದದ್ದು ಒಬ್ಬ ಮೇಸ್ತ್ರಿಗೆ. ಓದಿದ ತಪ್ಪಿಗೆ ನನಗೆ ಒಂದಿಡೀ ಸಮಿತಿಯೇ ಗಂಟುಬಿತ್ತು.

ಖಗೋಳ ಸಂಸ್ಥೆಯೊಂದರ ದೂರದರ್ಶಕ ತೆಗೆದ ಆಕಾಶದ ಚಿತ್ರಗಳನ್ನು ಸಿ.ಡಿ.ಗಳಲ್ಲಿ ಜೋಪಾನವಾಗಿಟ್ಟು, ಕೇಳಿದ ವಿಜ್ಞಾನಿಗಳಿಗೆ ಕೊಡುವುದು ನನ್ನ ಕೆಲಸ. ಹಾಗೆ ಕೇಳುವವರೇ ಸೇರಿದ ‘ಬಳಕೆದಾರರ ಸಲಹಾ ಸಮಿತಿ’ ವರ್ಷಕ್ಕೊಮ್ಮೆ ಬಂದು ತಪಾಸಣೆ ಮಾಡುತ್ತದೆ. ಹೆಸರಿಗೆ ಸಲಹೆ, ಅವರು ತುಟಿ ಸೊಟ್ಟ ಮಾಡಿದರೆ ನನ್ನಂಥ ಗುತ್ತಿಗೆಯವನಿಗೆ ಮುಂದಿನ ವರ್ಷ ಕೆಲಸವಿಲ್ಲ. ಆಫೀಸಿಗೆ ಬೆಂಕಿ ಬಿದ್ದರೂ ಉಳಿಯುವಂತೆ ಎರಡನೇ ಪ್ರತಿ ಬೇರೆ ಕಟ್ಟಡದಲ್ಲಿರಬೇಕು ಎಂದು ಅವರೇ ಒಮ್ಮೆ ಹೇಳಿದ್ದರು. ಬೇರೆ ಕಟ್ಟಡ ಎಲ್ಲಿಂದ ತರೋಣ? ಹುಮ್ಮಸ್ಸಿನಲ್ಲಿ ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯ ಬೀರುವನ್ನೇ ಕೊಟ್ಟೆ. ಅಮ್ಮ ವಠಾರಕ್ಕೆಲ್ಲ ಸಾರಿದಳು: “ನನ್ಮಗ ಆಕಾಶಾನ ಬೀರುನಲ್ಲಿಟ್ಟು ಬೀಗ ಹಾಕವ್ನೆ ಕಣ್ರೀ!”

ಮರುವರ್ಷ ಸಮಿತಿ ಬಂದದ್ದು ಆಯುಧಪೂಜೆ ಮುಗಿದ ವಾರ. “ಮನೆಯಲ್ಲಿರೋ ಪ್ರತಿ ನಾಳೆ ತನ್ನಿ, ಯಂತ್ರಕ್ಕೆ ಹಾಕಿ ಓದಿಸಿ ನೋಡೋಣ” ಎಂದರು ಅಧ್ಯಕ್ಷರು. ಸಂಜೆ ಬೀರು ತೆರೆದು ಸಿ.ಡಿ.ಗಳನ್ನು ಹೊರತೆಗೆದೆ. ಒಂದೊಂದು ಸಿ.ಡಿ.ಯ ಅಂಚಿನಲ್ಲೂ ಅರಿಶಿನ ಕುಂಕುಮ. ಅದೂ ಹೊಳೆಯುವ ಬದಿಗೆ, ಆಕಾಶವಿರುವ ಬದಿಗೆ!

“ಏನಮ್ಮಾ ಇದು?”

“ನಿಮ್ಮಪ್ಪ ಮಗ್ಗಕ್ಕೆ ಇಡ್ತಿರ್ಲಿಲ್ವಾ? ನಿನ್ ಅನ್ನದ ಸಾಮಾನು ಕಣೋ ಇದು.”

“ಈ ಕಡೆ ಯಾಕಿಟ್ಟೆ?”

“ಹೊಳೆಯೋ ಕಡೆ ತಾನೆ ಮುಖ?”

ಅಪ್ಪನ ಹಳೆಯ ಪಂಚೆಯಲ್ಲಿ ಒರೆಸಿದೆ. ಕುಂಕುಮ ಹೋಯಿತು, ಅರಿಶಿನದ ಕಲೆ ಜಪ್ಪಯ್ಯ ಎಂದರೂ ಹೋಗಲಿಲ್ಲ. ಮರುದಿನ ಮಾಗಡಿ ರಸ್ತೆಯ ಬಸ್ಸಿನಲ್ಲಿ ಚೀಲವನ್ನು ಹಸುಗೂಸಿನಂತೆ ಅಪ್ಪಿಕೊಂಡು, ಮನಸ್ಸಿನಲ್ಲೇ ರಾಜೀನಾಮೆ ಬರೆದು, ಅದರ ಕಾಗುಣಿತವನ್ನೂ ತಿದ್ದಿದೆ.

ಅಧ್ಯಕ್ಷರು ತಾವೇ ಒಂದು ಸಿ.ಡಿ. ಆರಿಸಿ ಯಂತ್ರಕ್ಕೆ ಹಾಕಿದರು. ಅದು ಗರ್ರೆಂದಿತು, ಕೆಮ್ಮಿತು, ನಿಂತಿತು. ಮನಸ್ಸಿನ ರಾಜೀನಾಮೆಗೆ ಸಹಿಯನ್ನೂ ಹಾಕಿದೆ. ಮತ್ತೆ ತಿರುಗಿತು; ಪರದೆಯ ತುಂಬ ನಕ್ಷತ್ರಗಳು! ಸಿ.ಡಿ. ನಡುವಿನಿಂದ ಅಂಚಿನ ಕಡೆಗೆ ತುಂಬುತ್ತದೆ, ಪೂರ್ತಿ ತುಂಬದ ಇವುಗಳ ಅಂಚು ಖಾಲಿಯೇ ಇತ್ತು ಎಂಬುದು ಹೆದರಿಕೆಯಲ್ಲಿ ನನಗೆ ಮರೆತೇಹೋಗಿತ್ತು.

“ಈ ಹಳದಿ ಚುಕ್ಕೆ ಏನ್ರೀ?”

“ಪರಿಶೀಲಿಸಿದ ಗುರುತು, ಸಾರ್” ಎಂದಿತು ನನ್ನ ಬಾಯಿ, ನನ್ನನ್ನು ಕೇಳದೆ.

“ವೆರಿ ಗುಡ್. ಆಫೀಸಿನ ಪ್ರತಿಗಳಿಗೂ ಹಾಕಿಸಿ. ಆದ್ರೆ ಲೇಬಲ್ ಕಡೆ ಹಾಕಿ.”

ಕೆಲಸ ಉಳಿಯಿತು. ಆಫೀಸಿನ ರಾಶಿಯನ್ನೂ ಹೊತ್ತು ತಂದು ಅಮ್ಮನೆದುರು ಇಟ್ಟೆ. “ಇದಕ್ಕೂ ಇಡಮ್ಮ. ಆದ್ರೆ ಬೆನ್ನಿಗೆ.”

“ಬೆನ್ನಿಗೆ ಯಾರಾದ್ರೂ ಅರಿಶಿನ ಇಡ್ತಾರೇನೋ? ನಿನ್ನ ಇಷ್ಟೊಂದು ಓದ್ಸಿದ್ದು ದಂಡ!” ಎಂದು ಎದ್ದೇ ಹೋದಳು.

ಹಾಗಾಗಿ ಈಗ ಸಮಿತಿ ಬರುವ ಮುಂಚೆ ಅರಿಶಿನದ ಬಟ್ಟಲು ಹಿಡಿದು ಕೂರುವವನು ಈ ಎಂ.ಎಸ್ಸಿ.ಯೇ. ಲೇಬಲ್ ಕಡೆಗೇ ಚುಕ್ಕೆ ಇಡುತ್ತೇನೆ. ಆಮೇಲೆ ಅಮ್ಮ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಮ್ಮೆ ಕೈಯನ್ನೂ ಮುಗಿಯುತ್ತೇನೆ. ಸಮಿತಿ ಅದನ್ನೇನೂ ಕೇಳಿರಲಿಲ್ಲ.