ಗುಂಯ್ ಎನ್ನುವ ಛಾವಣಿ

ಅವತ್ತು ಯಲಬುರ್ಗಾದ ನಮ್ಮ ಹೊಸ ಮನೆಯ ಪಡಸಾಲೆಯಲ್ಲಿ ಊಟಕ್ಕೆ ಕುಳಿತವರು ನಾಲ್ಕು ಜನ: ನಾನು, ನಮ್ಮ ಕಚೇರಿಯ ಶಿರಸ್ತೇದಾರರು, ಅವರ ಮನೆಯವರು, ಮತ್ತು ನನ್ನ ಹೆಂಡತಿಯ ತಮ್ಮ ಯಮನೂರಪ್ಪ. ಬಡಿಸುತ್ತಿದ್ದವಳು ನನ್ನ ಹೆಂಡತಿ ಗಂಗಮ್ಮ. ಇವರಲ್ಲದೆ ಆರನೆಯವನೊಬ್ಬ ಛಾವಣಿಯೊಳಗಿದ್ದ. ಅವನು ಉಣ್ಣಲಿಲ್ಲ, ಮಾತಾಡಲಿಲ್ಲ; ಬರೀ ಗುಂಯ್ ಎನ್ನುತ್ತಿದ್ದ. ಸಿಟ್ಟು ಬಂದಾಗ ಬಾಯಲ್ಲಿ ನೀರು ಹಿಡಿದು ಕೂಡಬೇಕು, ಉಗುಳುವಷ್ಟರಲ್ಲಿ ಅರ್ಧ ಸಿಟ್ಟು ಹೋಗಿರುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅವತ್ತು ನನ್ನ ಬಾಯಲ್ಲಿ ನೀರಿರಲಿಲ್ಲ, ಹೋಳಿಗೆ ಇತ್ತು. ಅದನ್ನು ಸಮಾಧಾನವಾಗಿ ನುಂಗಿಯೇ ಸಿಟ್ಟಾದೆ.

ಗಂಗಾವತಿಯಲ್ಲಿ ನನ್ನ ಸಡ್ಡಕನ ಮನೆಯಲ್ಲಿ ಛಾವಣಿಯೊಳಗೆ ಹುದುಗಿಸಿದ ಸ್ಪೀಕರುಗಳನ್ನು ನೋಡಿ ಬಂದ ದಿನವೇ ನನ್ನ ನೆಮ್ಮದಿ ಹೋಗಿತ್ತು. ಅಲ್ಲಿ ಭಜನೆಯ ಪದ ಆಕಾಶದಿಂದ ಉದುರಿದ ಹಾಗೆ ಕೇಳುತ್ತಿತ್ತು. ನಮ್ಮ ಮನೆಯಲ್ಲೂ ಉದುರಬೇಕು ಎಂದು ಹಟ ಹಿಡಿದೆ. ಅಳವಂಡಿಯಲ್ಲಿ ವೈರಿಂಗ್ ಕೆಲಸ ಮಾಡುವ ಯಮನೂರಪ್ಪ ಅಕ್ಕನ ಮನೆ ಎಂದು ದಿನಾ ಬಸ್ಸಿಗೆ ಬಂದು ತನ್ನ ಕೈಯಾರೆ ವೈರ್ ಎಳೆದ. ಪಡಸಾಲೆಗೆ ಮೂರು, ಅಡುಗೆಮನೆಗೆ ಒಂದು ಸ್ಪೀಕರ್ ಕೂರಿಸಿದ. ನಾಲ್ಕಾರು ತಿಂಗಳು ಪದಗಳು ಚೆನ್ನಾಗಿಯೇ ಉದುರಿದವು. ಬೇಸಿಗೆ ಏರಿತೋ ಇಲ್ಲವೋ, ಪಡಸಾಲೆಯ ಮೂರೂ ಗುಂಯ್ ಎನ್ನಲು ಹತ್ತಿದವು. ಅಡುಗೆಮನೆಯದು ಮೌನವ್ರತ ಹಿಡಿಯಿತು. ಇದರಲ್ಲೊಂದು ವಿಚಿತ್ರವಿತ್ತು. ಕಪಾಟಿನಲ್ಲಿದ್ದ ಆಂಪ್ಲಿಫೈಯರ್ ಪೆಟ್ಟಿಗೆಯ ಮೇಲೆ ಯಾರಾದರೂ ಕೈಯಿಟ್ಟರೆ ಗುಂಯ್ ತಗ್ಗುತ್ತಿತ್ತು, ಬೆರಳಿಗೆ ಮಾತ್ರ ಇರುವೆ ಹರಿದಂತಾಗುತ್ತಿತ್ತು. "ಪದಾ ಕೇಳಾಕ ಒಬ್ರು, ಪೆಟ್ಟಿಗಿ ಹಿಡಿಯಾಕ ಒಬ್ರು. ಇದಕ್ಕೊಂದು ಆಳು ಹಚ್ಚೂಣೇನು?" ಎಂದು ಗಂಗಮ್ಮ ಕೇಳಿದಳು. ಅವಳ ತಮಾಷೆಗೂ ನನಗೆ ಸಿಟ್ಟು ಬಂತು.

ಊರಲ್ಲಿ ಸಲಹೆಗೆ ಬರವಿಲ್ಲ. ಪ್ಲಗ್ಗು ತಿರುವಿ ಹಾಕು ಎಂದ ಒಬ್ಬ. ಛಾವಣಿಯೊಳಗೆ ಹಲ್ಲಿ ಸತ್ತಿರಬೇಕು ಎಂದ ಇನ್ನೊಬ್ಬ. ನಿವೃತ್ತ ಮಾಸ್ತರರೊಬ್ಬರು ಈಶಾನ್ಯದ ಸ್ಪೀಕರ್ ಒಂದೇ ಎಲ್ಲವನ್ನೂ ಕೆಡಿಸುತ್ತಿದೆ ಎಂದು ವಾಸ್ತು ನೋಡಿ ಹೇಳಿದರು. ಎಲ್ಲವನ್ನೂ ಮಾಡಿದೆ. ಸ್ಟೂಲು ಹತ್ತಿ ಛಾವಣಿಗೆ ಕಿವಿ ಹಚ್ಚಿದೆ. ಕಣ್ಣಲ್ಲಿ ಸುಣ್ಣದ ಪುಡಿ ಬಿತ್ತು. ಛಾವಣಿಯನ್ನು ಬೈದರೆ ಅದು ಹೊಳ್ಳಿ ಮಾತಾಡುವುದಿಲ್ಲ. ಪೆಟ್ಟಿಗೆಯನ್ನು ಬೈದರೆ ಹೆಂಡತಿ ನಗುತ್ತಾಳೆ. ಸಿಟ್ಟಿಗೆ ಒಬ್ಬ ಮನುಷ್ಯ ಬೇಕು. ಶಿರಸ್ತೇದಾರರನ್ನು ಊಟಕ್ಕೆ ಕರೆದ ಆ ಭಾನುವಾರ, ನನ್ನ ದುರ್ದೈವಕ್ಕೆ, ಯಮನೂರಪ್ಪ ಅಕ್ಕನನ್ನು ನೋಡಿಹೋಗಲು ಬಂದಿದ್ದ.

ಶಿರಸ್ತೇದಾರರು ಹೋಳಿಗೆ ಮುರಿಯುತ್ತ ತಲೆಯೆತ್ತಿ, "ಮ್ಯಾಲ ಜೇನ ಕಟ್ಟ್ಯಾವೇನ್ರಿ?" ಎಂದು ಕೇಳಿದರು. ಅವರ ಹೆಂಡತಿ ಗಾಬರಿಯಾಗಿ ಸೆರಗನ್ನು ತಲೆ ಮೇಲೆ ಎಳೆದುಕೊಂಡರು. ನಾನು ನಕ್ಕಿದ್ದರೆ ಮುಗಿದುಹೋಗುತ್ತಿತ್ತು. ನಗಲಿಲ್ಲ.

"ಜೇನಲ್ಲರಿ ಸಾಹೇಬ್ರ, ಇದು ನನ್ನ ಹೆಂಡ್ತಿ ತಮ್ಮನ ಕೈಗುಣ. ಹಗ್ಗಾ ಹೊಸಿಯೂ ಕೈಯಾಗ ವೈರ್ ಕೊಟ್ರ ಹಿಂಗ ಆಗತೈತಿ."

ಯಮನೂರಪ್ಪ ನಲವತ್ತು ದಾಟಿದವನು, ನಾಲ್ಕೂರಲ್ಲಿ ಹೆಸರು ಮಾಡಿದ ಕೆಲಸಗಾರ. ಕೈಯಲ್ಲಿದ್ದ ಎರಡನೆಯ ಹೋಳಿಗೆಯನ್ನು ತಾಟಿನಲ್ಲಿಟ್ಟ. ಅದರಲ್ಲೇ ಕೈ ತೊಳೆದು ಎದ್ದು ನಿಂತ. ನನ್ನ ಕಡೆ ನೋಡಲಿಲ್ಲ.

"ಅಕ್ಕಾ, ಇದು ನಿನ್ನ ಮನಿ ಅಂತ ತಿಳಕೊಂಡು ದುಡದಿದ್ದೆ. ಇನ್ನ ಈ ಹೊಸ್ತಿಲಾ ತುಳಿಯಂಗಿಲ್ಲ."

ನಾಗರಪಂಚಮಿಗೆ ಹದಿನೈದು ದಿನ ಉಳಿದಿತ್ತು. ನಮ್ಮ ಕಡೆ ಪಂಚಮಿ ಎಂದರೆ ಅಣ್ಣನೋ ತಮ್ಮನೋ ಬಂದು ಹೆಣ್ಣುಮಗಳನ್ನು ತವರಿಗೆ ಕರೆದುಕೊಂಡು ಹೋಗಬೇಕು. ಅರವತ್ತರ ಮುದುಕಿಯಾದರೂ ಕರೆಯದೆ ತವರಿಗೆ ಹೋಗುವಂತಿಲ್ಲ. ಮದುವೆಯಾದಾಗಿನಿಂದ ಗಂಗಮ್ಮ ಒಂದು ವರ್ಷವೂ ತಪ್ಪಿಸಿರಲಿಲ್ಲ. ಅವಳು ನನ್ನೊಡನೆ ಜಗಳಕ್ಕೆ ನಿಂತಿದ್ದರೆ ನನಗೂ ಅನುಕೂಲವಾಗುತ್ತಿತ್ತು. ಅವಳು ಜಗಳವಾಡಲಿಲ್ಲ. ಅಟ್ಟದಿಂದ ಬ್ಯಾಗು ಇಳಿಸಿ, ಧೂಳು ಝಾಡಿಸಿ, ಮತ್ತೆ ಅಟ್ಟಕ್ಕೇ ಇಟ್ಟಳು. ತಮ್ಮ ಯಾವಾಗ ಬರುತ್ತಾನೆ ಎಂದು ಓಣಿಯ ಹೆಂಗಸರು ಕೇಳಿದರೆ, ಹೊಲದಲ್ಲಿ ಕಳೆ ತೆಗೆಯಲು ಎಡೆ ಹೊಡೆಯುತ್ತಿದ್ದಾನೆ, ಪುರಸೊತ್ತಿಲ್ಲ ಎನ್ನುತ್ತಿದ್ದಳು. ಬಸ್ಸಿನ ಹಾರ್ನು ಕೇಳಿದಾಗಲೆಲ್ಲ ಕಿಟಕಿಯ ಹತ್ತಿರ ಅವಳಿಗೆ ಏನಾದರೊಂದು ಕೆಲಸ ಹುಟ್ಟುತ್ತಿತ್ತು. ಇದನ್ನು ನೋಡಿ ನನ್ನ ಸಿಟ್ಟು ಇಳಿಯಬೇಕಿತ್ತು, ಏರಿತು. ತಪ್ಪು ಯಮನೂರಪ್ಪನದೇ ಎಂದು ಬಲ್ಲವರ ಬಾಯಿಂದಲೇ ಹೇಳಿಸಿಬಿಡುತ್ತೇನೆ ಎಂದು ಗಂಗಾವತಿಯಿಂದ ಒಬ್ಬ ಹಿರಿಯ ಮೆಕ್ಯಾನಿಕ್ಕನನ್ನು ಕರೆಸಿದೆ.

ಆತ ಮೊದಲು ಅಡುಗೆಮನೆಗೆ ಹೋಗಿ ಗೋಡೆಯ ಕ್ಯಾಲೆಂಡರ್ ಎತ್ತಿದ. ಹಿಂದೆ ಸ್ಪೀಕರಿನ ದನಿ ಏರಿಸಿ ಇಳಿಸುವ ನಾಬ್ ಸೊನ್ನೆಯಲ್ಲಿತ್ತು. ತಿರುವಿದ ಕೂಡಲೇ ಮೂಗ ಸ್ಪೀಕರ್ ಪದ ಹಾಡಿತು. ಕ್ಯಾಲೆಂಡರ್ ತೂಗುಹಾಕುವಾಗ ಕೈ ತಾಗಿಸಿ ಅದನ್ನು ತಿರುವಿದವನು ನಾನೇ. ಆಮೇಲೆ ಒಂದೊಂದೇ ಜೋಡಣೆ ಬಿಚ್ಚಿ ನೋಡಿ, "ಈ ವೈರಿಂಗ್ ಮಾಡಿದವ್ರು ಯಾರ್ರಿ? ಭಾಳ ಛಲೋ ಮಾಡ್ಯಾರ" ಎಂದ. ಕೊನೆಗೆ, ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿ ಎಲ್ಲಿದೆ ಎಂದು ಕೇಳಿದ. ನಾನು ಮೀಟರಿನ ಕಡೆ ಕೈ ತೋರಿಸಿದೆ. ಗಂಗಮ್ಮ ಅಂಗಳದಲ್ಲಿ ನಿಂತಿದ್ದ ನನ್ನ ಮೋಟಾರ್‌ಸೈಕಲ್ಲಿನ ಕಡೆ ಬೊಟ್ಟು ಮಾಡಿದಳು.

ಮನೆ ಕಟ್ಟುವಾಗ ಯಮನೂರಪ್ಪ ಅಲ್ಲಿ ಗುಂಡಿ ತೋಡಿ, ಇದ್ದಿಲು, ಉಪ್ಪು ಹಾಕಿ, ಪೈಪು ಹುಗಿದಿದ್ದ. ನಮ್ಮದು ಎರೆಮಣ್ಣು; ಒಣಗಿದರೆ ಬಾಯಿ ಬಿಟ್ಟು ಪೈಪಿನ ಕೈಬಿಡುತ್ತದೆ, ದಿನಕ್ಕೊಂದು ಕೊಡ ನೀರು ಹಾಕು ಎಂದು ಅಕ್ಕನಿಗೆ ಹೇಳಿ ಹೋಗಿದ್ದ. ಅವಳು ತಪ್ಪದೆ ಹಾಕುತ್ತಿದ್ದಳು. ಗಾಡಿ ನಿಲ್ಲಿಸುವ ಜಾಗ ಕೆಸರಾಗುತ್ತದೆ, ಪೈಪಿಗೂ ಅಭಿಷೇಕ ಮಾಡುತ್ತಾಳಲ್ಲ ಎಂದು ನಾನು ಹಂಗಿಸಿ, ಬೇಸಿಗೆಯ ಮೊದಲೇ ಅದರ ಮೇಲೆ ಕಲ್ಲು ಹಾಸಿ ಸಿಮೆಂಟ್ ಮೆತ್ತಿಸಿಬಿಟ್ಟಿದ್ದೆ. ಮೆಕ್ಯಾನಿಕ್ಕ ಹಾರೆಯಿಂದ ಕಲ್ಲು ಎಬ್ಬಿಸಿದ. ಪೈಪಿನ ಸುತ್ತ ಕೈ ತೂರುವಷ್ಟು ಬಿರುಕು; ಮುಂಗಾರಿನ ಹನಿಯೂ ಒಳಗೆ ಇಳಿದಿರಲಿಲ್ಲ. ಗಂಗಮ್ಮ ಕೊಡ ತಂದು ಸುರಿದಳು. ಮಣ್ಣು ಗುಟುಗುಟು ಕುಡಿಯಿತು. ನಾಲ್ಕನೆಯ ಕೊಡಕ್ಕೆ ಒಳಗಿನ ಗುಂಯ್ ನಿಂತಿತು.

ಮನೆಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಕೇಳಿರಲಿಲ್ಲ. ಯಾರ ಮೇಲೆ ಸಿಟ್ಟಾಗಲಿ ಎಂದು ಸುತ್ತ ನೋಡಿದೆ. ನನ್ನನ್ನು ಬಿಟ್ಟರೆ ಯಾರೂ ಉಳಿದಿರಲಿಲ್ಲ. ತನ್ನ ಮೇಲೆ ತಾನೇ ಸಿಟ್ಟಾಗುವುದು ಬಹಳ ಕಷ್ಟದ ಕೆಲಸ, ಎದುರುತ್ತರ ಕೊಡುವವರೂ ನಾವೇ.

ಮರುದಿನ ಅಳವಂಡಿಗೆ ಹೋದೆ. ಯಮನೂರಪ್ಪ ಯಾರದೋ ಮನೆಯಲ್ಲಿ ನಿಚ್ಚಣಿಕೆ ಏರಿ ನಿಂತಿದ್ದ. ಕೆಳಗೆ ನಿಂತೇ ಎಲ್ಲವನ್ನೂ ಒಪ್ಪಿಕೊಂಡೆ. ತಪ್ಪು ನಂದು, ಅಕ್ಕನನ್ನು ಕರೆಯಲು ಬಾ ಎಂದೆ. ಅವನು ಇಳಿಯಲಿಲ್ಲ. ಇಕ್ಕಳ ಹಿಡಿದುಕೊಂಡೇ, "ಈ ಮಾತು ನಿಮ್ಮ ಸಾಹೇಬ್ರ ಮುಂದ ಹೇಳೀರೇನ್ರಿ, ಮಾವಾರ?" ಎಂದು ಕೇಳಿದ.

ಹೇಳಿರಲಿಲ್ಲ. ಸೋಮವಾರ ಕಚೇರಿಯಲ್ಲಿ ಎಲ್ಲರೂ ಇರುವಾಗಲೇ ಶಿರಸ್ತೇದಾರರ ಟೇಬಲ್ಲಿನ ಮುಂದೆ ನಿಂತು, ಕಲ್ಲು, ಸಿಮೆಂಟ್, ಕ್ಯಾಲೆಂಡರ್ ಸಮೇತ ಹೇಳಿದೆ. ಅವರು ಕಣ್ಣೀರು ಬರುವ ತನಕ ನಕ್ಕರು. ಮಧ್ಯಾಹ್ನದೊಳಗೆ ಆ ನಗೆ ಅಳವಂಡಿಯನ್ನೂ ಮುಟ್ಟಿತ್ತು.

ಹಬ್ಬದ ಮುಂಚಿನ ದಿನ ಯಮನೂರಪ್ಪ ಬಂದ. ಆಡಿದ ಮಾತಿಗೆ ತಪ್ಪದೆ ಹೊಸ್ತಿಲು ತುಳಿಯಲಿಲ್ಲ. ಅಂಗಳದಲ್ಲೇ ನಿಂತು ನಾನು ತಂದುಕೊಟ್ಟ ಚಹಾ ಕುಡಿದು, "ಅಕ್ಕಾ, ನಡಿ" ಎಂದ. ಬ್ಯಾಗು ಆಗಲೇ ಅವಳ ಕೈಯಲ್ಲಿತ್ತು.

ಪಂಚಮಿಯ ದಿನ ನಾನೂ ಅಳವಂಡಿಗೆ ಹೋದೆ. ಅಳಿಯ ಬಾಗಿಲಿಗೆ ಬಂದರೆ ಒಳಗಿನಿಂದ ಯಾರಾದರೂ ತಂಬಿಗೆ ತಂದು ಕಾಲಿಗೆ ನೀರು ಕೊಡುವುದು ಆ ಮನೆಯ ಪದ್ಧತಿ. ಎಲ್ಲರೂ ಬೇವಿನ ಮರದ ಜೋಕಾಲಿಯ ಹತ್ತಿರ ಇದ್ದರು, ಎಲ್ಲರೂ ನನ್ನನ್ನು ನೋಡಿದರು. ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತು ನಿಂತೆ. ಆಮೇಲೆ ನಾನೇ ಹಂಡೆಯಿಂದ ತಂಬಿಗೆ ತುಂಬಿಕೊಂಡು ಕಾಲು ತೊಳೆದುಕೊಂಡೆ.